ನಾಲ್ಕು ಅಂಗುಲದ ಎತ್ತರ

ಹಿರೀರಾ
18 ಸೆಪ್ಟೆಂಬರ್ 1994

ಸಿಲ್ವೆರಿಯೊ,

ನೀನು ರೈಲಿಗೆ ಹಾಕಿದ ಗಾಡಿಯ ಸ್ಪ್ರಿಂಗ್ ಪಟ್ಟಿಗಳು ಬಂದು ಸೇರಿದವು. ಉಯೂನಿ ಸಂತೆಯಲ್ಲಿ ರುಫೀನಾ ಅವನ್ನು ತನ್ನ ಈರುಳ್ಳಿ ಅಂಗಡಿಯ ಹಿಂದೆ ಇಟ್ಟುಕೊಂಡಿದ್ದು, ಕೀನ್ವಾ ಧಾನ್ಯದ ಲಾರಿ ಸಿಕ್ಕಿದಾಗ ಉಪ್ಪಿನ ಬಯಲು ದಾಟಿಸಿ ಕಳಿಸಿದಳು. ಲಾರಿಯವನು ಅಂಗಳದಲ್ಲಿ ಇಳಿಸಿ, ಸೊಂಟ ಹಿಡಿದುಕೊಂಡು ನಿನ್ನನ್ನೂ ನಿನ್ನ ವಂಶವನ್ನೂ ಬೈದು ಹೋದ. ಗೋಣಿ ಬಿಚ್ಚಿದರೆ ಬಾಗಿದ ಕಬ್ಬಿಣದ ನಾಲ್ಕು ಕಟ್ಟು. ಕಾಗದ ಇರಬಹುದೆಂದು ಗೋಣಿಯನ್ನು ತಿರುವಿ ಕೊಡವಿದೆ. ಒಂದು ಚೀಟಿ ಬಿತ್ತು. 'ಉದ್ದದ್ದು ಹಿಂದಕ್ಕೆ, ಗಿಡ್ಡದ್ದು ಮುಂದಕ್ಕೆ' ಅಂತ ಬರೆದಿದ್ದೆ. ಮಾರ್ಚಿನಲ್ಲಿ ಹೋದ ಗಂಡ ಸೆಪ್ಟೆಂಬರಿನಲ್ಲಿ ಹೆಂಡತಿಗೆ ಹೇಳಬೇಕಾದ ಮಾತು ಇಷ್ಟೇನೋ ಅಂತ ಚೀಟಿಯನ್ನು ಹಿಂದೆ ಮುಂದೆ ತಿರುವಿ ನೋಡಿದೆ.

ಮಾವ ಸುತ್ತಿಗೆ ತಂದು ಒಂದೊಂದು ಕಟ್ಟಿಗೂ ತಟ್ಟಿ, ಕಿವಿಯಿಟ್ಟು ಕೇಳಿದರು. ರೈಲ್ವೆ ಶೆಡ್ಡಿನ ಅಭ್ಯಾಸ ಅವರಿಗೆ ಸಾಯುವ ತನಕ ಹೋಗುವುದಿಲ್ಲ. ಈಗ ಕಣ್ಣು ಮೊದಲಿನ ಹಾಗಿಲ್ಲ, ಎಲ್ಲವನ್ನೂ ಕೈಯಿಂದ ಸವರಿಯೇ ನೋಡುತ್ತಾರೆ. ಕೊನೆಗೆ, 'ಕಬ್ಬಿಣ ಒಳ್ಳೇದೇ' ಅಂದರು. ನಿನ್ನ ಹೆಸರು ಎತ್ತಲಿಲ್ಲ.

ಗಾಡಿ ಅಂಗಳದಲ್ಲಿ ನೀನು ನಿಲ್ಲಿಸಿದ ಜಾಗದಲ್ಲೇ ಕಲ್ಲುಗಳ ಮೇಲೆ ಇದೆ. ಕೋಳಿಗಳು ಡ್ರೈವರ್ ಸೀಟಿನಲ್ಲಿ ಮೊಟ್ಟೆ ಇಡುತ್ತಿವೆ. ಊರಿನವರು ದಾರಿಯಲ್ಲಿ ಸಿಕ್ಕಾಗಲೆಲ್ಲ ಕೇಳುವುದು ಒಂದೇ. ಮಳೆ ಬಿದ್ದು ಬಯಲು ತುಂಬಿದರೆ ಲಾರಿಗಳು ನಿಂತುಹೋಗುತ್ತವೆ, ಆಗ ನಮ್ಮನ್ನು ಯಾರು ದಾಟಿಸುತ್ತಾರೆ ಅಂತ. ನಾನು ಅವರಿಗೆ ಏನು ಹೇಳಲಿ? ನೀನು ಬರುತ್ತೀಯಾ ಇಲ್ಲವಾ ಅಷ್ಟು ಹೇಳು. ಕಬ್ಬಿಣ ಕಳಿಸಿದ್ದಕ್ಕೆ ಸಂತೋಷ. ಆದರೆ ನಾನು ಕೇಳಿದ್ದು ಕಬ್ಬಿಣ ಅಲ್ಲ.

ಬಾಸೀಲಿಯಾ

*

ಕಲಾಮಾ
5 ಅಕ್ಟೋಬರ್ 1994

ಬಾಸೀಲಿಯಾ,

ಚೀಟಿಗೆ ಬೈದಿದ್ದೀಯ. ರೈಲು ಸಿಳ್ಳೆ ಹಾಕಿದ ಮೇಲೆ ಮೊಣಕಾಲ ಮೇಲಿಟ್ಟು ಬರೆದದ್ದು ಅದು. ಈಗ ಡೋನ್ಯಾ ಎಲ್ಬಾ ಅಡುಗೆಮನೆಯಲ್ಲಿ ಮೇಜು ಖಾಲಿ ಮಾಡಿಕೊಟ್ಟಿದ್ದಾಳೆ. ನನ್ನ ಕೋಣೆಯ ಒಡತಿ ಇವಳು, ವಿಧವೆ, ಬಾಯಿ ಜೋರು. ದಿನಾ ಬೆಳಿಗ್ಗೆ ಟೀ ಕೊಡುವಾಗ, 'ಇನ್ನೂ ಇಲ್ಲೇ ಇದ್ದೀಯಾ?' ಅಂತ ಕೇಳುತ್ತಾಳೆ.

ಗಡಿಯಾಚೆ ಇಲ್ಲಿ ನನ್ನ ಕೆಲಸವೂ ಇದೇ. ಗಣಿ ಕಂಪನಿಗಳ ಪಿಕಪ್ಪುಗಳಿಗೆ ಹಳೇ ಪಟ್ಟಿ ಬಿಚ್ಚಿ ಹೊಸದು ಹಾಕಿ ಎತ್ತರಿಸುವುದು. ಒಂದು ಮುಗಿದರೆ ಬಾಗಿಲಲ್ಲಿ ಇನ್ನೊಂದು ನಿಂತಿರುತ್ತದೆ. ಆದ್ದರಿಂದ ನಾನು ಹೇಳಿದ ಹಾಗೆ ಮಾಡಿದರೆ ನಿಮಗೂ ಕಷ್ಟವಿಲ್ಲ. ನೀನು ಓದಿ ಹೇಳು, ಅಪ್ಪ ಮಾಡಲಿ. ಮೊದಲು ಬೋಲ್ಟುಗಳಿಗೆಲ್ಲ ಡೀಸೆಲ್ ಸುರಿದು ಕೆಲವು ದಿನ ನೆನೆಯಲು ಬಿಡಿ, ಉಪ್ಪು ಅವನ್ನು ಬೆಸುಗೆ ಹಾಕಿದ ಹಾಗೆ ಹಿಡಿದಿರುತ್ತದೆ. ಹಿಂದಿನಿಂದ ಶುರು ಮಾಡಿ, ಒಂದು ಸಲಕ್ಕೆ ಒಂದೇ ಬದಿ. ಜಾಕಿಯನ್ನು ನಂಬಿ ಯಾರೂ ಕೆಳಗೆ ನುಗ್ಗಬೇಡಿ, ಚಾಸಿಯ ಕೆಳಗೆ ರೈಲ್ವೆ ಸ್ಲೀಪರ್ ಮರ ಕೊಡಿ. ಹೊಸ ಪಟ್ಟಿ ಹಳೆಯದಕ್ಕಿಂತ ಹೆಚ್ಚು ಬಾಗಿದೆ, ಒಂದು ತುದಿ ಕೂತರೆ ಇನ್ನೊಂದು ತುದಿ ಕೂರುವುದಿಲ್ಲ ಅನ್ನುತ್ತದೆ. ಹಾರೆ ಹಾಕಿ ನಿಧಾನಕ್ಕೆ ಮೀಟಬೇಕು. ಚಕ್ರ ನೆಲಕ್ಕೆ ಮುಟ್ಟಿ ಗಾಡಿಯ ಭಾರ ಪಟ್ಟಿಯ ಮೇಲೆ ಬಿದ್ದ ಮೇಲೆಯೇ ಕೊನೆಯ ಬಿಗಿ ಕೊಡಿ. ಶಾಕ್ ಅಬ್ಸಾರ್ಬರುಗಳನ್ನು ಮುಂದಿನ ರೈಲಿಗೆ ಹಾಕುತ್ತೇನೆ.

ನೀನು ಕೇಳಿದ್ದಕ್ಕೆ ಬರುತ್ತೇನೆ. ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೊರಟ ಅವತ್ತು ನೀರು ಬಂಪರ್ ದಾಟಿತ್ತು. ಫ್ಯಾನು ಅದನ್ನು ಎಳೆದು ಇಂಜಿನ್ನಿನ ಮೇಲೆ ಎರಚಿತು, ಇಂಜಿನ್ ಸತ್ತಿತು. ಗಾಡಿ ನಾಲ್ಕು ಅಂಗುಲ ಮೇಲಿದ್ದಿದ್ದರೆ ಎರಚುತ್ತಿರಲಿಲ್ಲ. ನಡು ಬಯಲಲ್ಲಿ ಹಾಗೆ ನಿಲ್ಲುತ್ತಿರಲಿಲ್ಲ, ಅಮ್ಮನನ್ನು ಸಂಜೆಗೆ ಆಸ್ಪತ್ರೆ ಮುಟ್ಟಿಸುತ್ತಿದ್ದೆವು. ಇದನ್ನು ನಾನು ಮಲಗಿದಾಗಲೆಲ್ಲ ಅಳೆದು ನೋಡಿದ್ದೇನೆ. ಗಾಡಿ ಎತ್ತರವಾಗಲಿ, ಆಮೇಲೆ ಬರುತ್ತೇನೆ. ಈಗಿರುವ ಗಾಡಿಯಲ್ಲಿ ನಾನು ಯಾರನ್ನೂ ಕೂರಿಸಲಾರೆ.

ಅಪ್ಪ ಏನಾದರೂ ಅಂದನಾ?

ನಿನ್ನ
ಸಿಲ್ವೆರಿಯೊ

*

ಹಿರೀರಾ
6 ನವೆಂಬರ್ 1994

ಸಿಲ್ವೆರಿಯೊ,

ಅಂದರು. ಬೋಲ್ಟಿಗೆ ಅಂದ ಮಾತುಗಳನ್ನು ಕಾಗದದಲ್ಲಿ ಬರೆಯುವ ಹಾಗಿಲ್ಲ. ನಿನ್ನ ಬಗ್ಗೆ ಏನೂ ಅಂದಿಲ್ಲ.

ಕೆಲಸ ಹೀಗೆ ಸಾಗಿದೆ. ನಾನು ಕೀನ್ವಾ ಮೂಟೆಯ ಮೇಲೆ ಕೂತು ನಿನ್ನ ಕಾಗದವನ್ನು ಒಂದೊಂದು ಸಾಲು ಓದುತ್ತೇನೆ. ಮಾವ ಗಾಡಿಯ ಕೆಳಗೆ ಅಂಗಾತ ಮಲಗಿ ಕೇಳುತ್ತಾರೆ. 'ಮುಂದೆ?' ಅನ್ನುತ್ತಾರೆ, ಮುಂದಿನ ಸಾಲು ಓದುತ್ತೇನೆ. 'ಇದು ನಂಗೆ ಹುಟ್ಟೋಕೆ ಮುಂಚೆನೇ ಗೊತ್ತು, ಮುಂದೆ?' ಅನ್ನುತ್ತಾರೆ. ಡೀಸೆಲ್ಲಿಗೆ ಬಗ್ಗದ ಎರಡು ಬೋಲ್ಟುಗಳನ್ನು ಗರಗಸದಿಂದ ಕೊಯ್ದೆವು. ನಾನು ಒಂದು ಕಡೆ ಎಳೆಯುವುದು, ಅವರು ಇನ್ನೊಂದು ಕಡೆ. ಎಡಗಡೆಯ ಹಿಂದಿನ ಪಟ್ಟಿ ಕೂತಿದೆ. ಈಗ ಗಾಡಿ ಒಂದು ಬದಿ ಎತ್ತಿ, ಕಾಲು ನೋಯುವವರ ಹಾಗೆ ನಿಂತಿದೆ.

ಸಕಲ ಸಂತರ ಹಬ್ಬ ಬಂತು, ಹೋಯಿತು. ಅತ್ತೆ ಹೋದ ಮೇಲೆ ಮೊದಲನೆಯ ವರ್ಷ. ಹೊಸ ಆತ್ಮಕ್ಕೆ ಮೇಜು ಇಡುವಾಗ ಮಗ ಇರಬೇಕು, ಬಂದವರ ಪ್ರಾರ್ಥನೆಗೆ ಮಗನೇ ಕೈಯಾರೆ ರೊಟ್ಟಿ ಕೊಡಬೇಕು. ಇದು ನಿನಗೆ ಗೊತ್ತಿಲ್ಲದ್ದೇನಲ್ಲ. ಅವರಿಗೆ ಇಷ್ಟ ಅಂತ ಕೀನ್ವಾ ಹಿಟ್ಟಿನ ಕಡುಬು ಬೇಯಿಸಿದ್ದೆ, ಕಬ್ಬಿನ ಕೋಲು ನಿಲ್ಲಿಸಿದ್ದೆ, ಮಗುವಿನ ಆಕಾರದ ರೊಟ್ಟಿ ಸುಟ್ಟಿದ್ದೆ. ಮಧ್ಯಾಹ್ನ ಆತ್ಮ ಬರುವ ಹೊತ್ತಿಗೆ ಹೊರಗೆ ಲಾರಿಯ ಸದ್ದಾಯಿತು. ಮಾವ ಎದ್ದು ಬಾಗಿಲಿಗೆ ಹೋದರು. ಟೋಪಿ ತೆಗೆದು ಕೂದಲು ಒತ್ತಿಕೊಂಡರು. ನೀನು ಅಂತ ತಿಳಿದಿದ್ದರು ಅಂತ ನನಗೆ ಅವರ ಬೆನ್ನು ನೋಡಿದರೇ ಗೊತ್ತಾಯಿತು. ಲಾರಿಯವನು ಇಳಿಸಿದ್ದು ಶಾಕ್ ಅಬ್ಸಾರ್ಬರಿನ ಡಬ್ಬ.

ಪ್ರಾರ್ಥನೆಗೆ ಬಂದ ಪಕ್ಕದ ಮನೆಯ ಎಲ್ಯೂತೇರಿಯೊ ಸುಮ್ಮನಿರುತ್ತಾನಾ? 'ನಿನ್ನ ಗಂಡ ಕಂತಲ್ಲಿ ಬರ್ತಿದಾನಲ್ಲ ಬಾಸೀಲಿಯಾ, ಮೊದ್ಲು ಕಾಲು ಬಂತು, ಈಗ ಮೊಣಕಾಲು. ತಲೆ ಯಾವಾಗ ಕಳಿಸ್ತಾನಂತೆ?' ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಒಳಗೆ ಹೋಗಿ ಒಲೆಗೆ ಮುಖ ಮಾಡಿ ಅತ್ತುಬಿಟ್ಟೆ. ದಣಿವಾಗಿತ್ತು.

ನೀನು ಇರಬೇಕಾದ ಜಾಗದಲ್ಲಿ ನಾನು ನಿಂತು ರೊಟ್ಟಿ ಹಂಚಿದೆ. ಮಾವ ತಡೆಯಲಿಲ್ಲ.

ಬಾಸೀಲಿಯಾ

*

ಕಲಾಮಾ
27 ನವೆಂಬರ್ 1994

ಬಾಸೀಲಿಯಾ,

ಅವತ್ತು ನಾನು ಕೆಲಸಕ್ಕೆ ಹೋಗಲಿಲ್ಲ. ಡೋನ್ಯಾ ಎಲ್ಬಾ ತನ್ನ ಗಂಡನ ಪಟದ ಪಕ್ಕದಲ್ಲಿ ಅಮ್ಮನಿಗೂ ಒಂದು ಮೇಣದಬತ್ತಿ ಹಚ್ಚಲು ಜಾಗ ಕೊಟ್ಟಳು. ಆಮೇಲೆ, 'ನಿಮ್ಮಮ್ಮ ಇಲ್ಲಿಗೆ ದಾರಿ ಕೇಳ್ಕೊಂಡು ಬರ್ತಾಳಾ?' ಅಂತ ಕೇಳಿದಳು.

ಕ್ರಿಸ್ಮಸ್ಸಿಗೆ ಬರಲು ನೋಡುತ್ತೇನೆ. ಮಾಲೀಕ ಡಿಸೆಂಬರಿನಲ್ಲಿ ರಜೆ ಕೊಡುವವನಲ್ಲ, ಆದರೂ ಕೇಳುತ್ತೇನೆ. ಅಷ್ಟರಲ್ಲಿ ಹಿಂದಿನ ಬದಿ ಮುಗಿಸಿ. ಮುಂದಿನದು ಹೆಚ್ಚು ಕಷ್ಟ, ಇಂಜಿನ್ನಿನ ಭಾರ ಅಲ್ಲೇ ಇರುವುದು. ಆಗುವುದಿದ್ದರೆ ನಾನು ಬರುವ ತನಕ ಮುಂದಿನದನ್ನು ಮುಟ್ಟಬೇಡಿ. ಅಪ್ಪನಿಗೆ ಇಷ್ಟು ಹೇಳು.

ಇಲ್ಲಿ ಚಳಿ ಕಡಿಮೆ, ಧೂಳು ಜಾಸ್ತಿ. ನಾನು ಆರೋಗ್ಯ.

ಸಿಲ್ವೆರಿಯೊ

*

ಹಿರೀರಾ
22 ಡಿಸೆಂಬರ್ 1994

ಸಿಲ್ವೆರಿಯೊ,

ನೀನು ಬರುವ ತನಕ ಮುಟ್ಟಬೇಡಿ ಅಂದೆ. ಆ ಸಾಲನ್ನು ಮಾವನಿಗೆ ಓದಿ ಹೇಳಿದೆ. ಅವರು ಕೋಕಾ ಎಲೆಯನ್ನು ಈ ದವಡೆಯಿಂದ ಆ ದವಡೆಗೆ ತಳ್ಳಿ, 'ಅವ್ನು ಬರೋ ತಂಕ ಅಂದ್ರೆ ಈ ಪಟ್ಟಿಗೂ ತುಕ್ಕು ಹಿಡಿಯತ್ತೆ, ಓದು ಮುಂದೆ' ಅಂದರು. ಮುಂದೆ ಓದಲು ಏನೂ ಇರಲಿಲ್ಲ. ಚಳಿ ಕಡಿಮೆ, ಧೂಳು ಜಾಸ್ತಿ ಅಂತ ಇತ್ತು. ಅದನ್ನೇ ಓದಿದೆ.

ಮುಂದಿನ ಬಲಗಡೆಯ ಪಟ್ಟಿ ಸುಲಭವಾಗಿ ಕೂತಿತು. ಎಡಗಡೆಯದಕ್ಕೆ ಒಂದು ತುದಿ ಸಿಕ್ಕಿಸಿ ಇನ್ನೊಂದಕ್ಕೆ ಹಾರೆ ಹಾಕಿ ಮೀಟುತ್ತಿದ್ದೆವು. ಹಾರೆ ನನ್ನ ಕೈಯಲ್ಲಿತ್ತು. ಮಾವ ತೂತು ನೇರ ಬಂತಾ ಅಂತ ಬೆರಳು ಹಾಕಿ ಸವರಿ ನೋಡುತ್ತಿದ್ದರು. ಕಣ್ಣು ಕಾಣದವರು ಬೇರೆ ಹೇಗೆ ನೋಡುತ್ತಾರೆ? ಹಾರೆ ಜಾರಿತು. ಪಟ್ಟಿ ಚಾಸಿಗೆ ಬಡಿಯಿತು, ನಡುವೆ ಅವರ ಬಲಗೈ ಇತ್ತು.

ಕೂಗಲಿಲ್ಲ ಅವರು. 'ಬೋಲ್ಟ್ ಹಾಕು, ತೂತು ನೇರ ಬಂದಿದೆ' ಅಂದರು. ಹಾಕಿದೆ. ಆಮೇಲೆ ಕೈ ಬಿಡಿಸಿಕೊಂಡು ಹೊರಗೆ ಬಂದು ನೆಲದ ಮೇಲೆ ಕೂತರು. ಎರಡು ಬೆರಳು ಜಜ್ಜಿಹೋಗಿದ್ದವು. ಹಂದಿಕೊಬ್ಬು ಬಿಸಿ ಮಾಡಿ ಮೂಲಿಕೆ ಹಾಕಿ ಕಟ್ಟಿದ್ದೇನೆ. ರಾತ್ರಿಯೆಲ್ಲ ಎದ್ದು ಕೂತಿರುತ್ತಾರೆ, ಕೇಳಿದರೆ ನಿದ್ದೆ ಬಂದಿತ್ತು ಅನ್ನುತ್ತಾರೆ.

ಹಾಗಾಗಿ ನಿನ್ನ ಗಾಡಿ ಈಗ ಎತ್ತರವಾಗಿದೆ. ಕಲ್ಲು ತೆಗೆದು ಚಕ್ರದ ಮೇಲೆ ನಿಲ್ಲಿಸಿದಾಗ ಊರೆಲ್ಲ ನೋಡಲು ಬಂತು. ಕೋಳಿಗಳಿಗೆ ಈಗ ಹಾರಿದರೂ ಸೀಟು ಎಟುಕುವುದಿಲ್ಲ. ನನಗೂ ಹತ್ತಲು ಮೆಟ್ಟುಕಲ್ಲು ಬೇಕು. ಅಂಗಳದಲ್ಲಿ ಒಂದು ಸುತ್ತು ಓಡಿಸಿದೆ, ಮೇಲಿನಿಂದ ಎಲ್ಲ ಬೇರೆ ತರಹ ಕಾಣುತ್ತದೆ.

ಈಗ ನಾನು ಹೇಳುವುದನ್ನು ಕೇಳು. ಮೊದಲು ಗಾಡಿ ಎತ್ತರವಾಗಲಿ ಅಂದೆ, ಆಮೇಲೆ ಶಾಕ್ ಅಬ್ಸಾರ್ಬರ್ ಅಂದೆ, ಆಮೇಲೆ ಮಾಲೀಕನ ರಜೆ ಅಂದೆ. ನಿನಗೆ ಆ ನೀರೆಂದರೆ ಭಯ ಸಿಲ್ವೆರಿಯೊ. ಗಾಡಿಯನ್ನು ತುನೂಪಾ ಬೆಟ್ಟದಷ್ಟು ಎತ್ತರಿಸಿದರೂ ಆ ಭಯ ಹೋಗುವುದಿಲ್ಲ. ಭಯಪಡು, ಬೇಡ ಅನ್ನುವುದಿಲ್ಲ. ಅವತ್ತು ಹಿಂದಿನ ಸೀಟಿನಲ್ಲಿ ಅತ್ತೆಯ ತಲೆ ತೊಡೆಯ ಮೇಲೆ ಇಟ್ಟುಕೊಂಡಿದ್ದವಳು ನಾನು, ನನಗೂ ಭಯ ಇದೆ. ಆದರೆ ಭಯಪಡುವುದನ್ನು ಮನೆಯಲ್ಲಿ ಕೂತು ಮಾಡಬಹುದಲ್ಲ. ಒಬ್ಬಳೇ ಆಗಿ ನನಗೆ ಸಾಕಾಗಿದೆ.

ಬಾಸೀಲಿಯಾ

*

ಕಲಾಮಾ
4 ಜನವರಿ 1995

ಬಾಸೀಲಿಯಾ,

ಬೇರೆ ಮಾತಿಗೆ ಮುಂಚೆ ಇದನ್ನು ಓದು, ಅಪ್ಪನಿಗೂ ಈಗಲೇ ಓದಿ ಹೇಳು. ಗಾಡಿಯನ್ನು ಅಂಗಳದಿಂದ ಆಚೆ ತೆಗೆಯಬೇಡಿ.

ಮುಂದಿನ ಚಕ್ರಗಳಿಗೆ ಹೋಗುವ ಬ್ರೇಕಿನ ರಬ್ಬರ್ ಪೈಪು ಗಿಡ್ಡವಾಗುತ್ತದೆ. ಗಾಡಿ ಮೇಲೆ ಹೋಯಿತು, ಪೈಪು ಹಳೆಯದೇ ಉಳಿಯಿತು. ಸಮನೆಲದಲ್ಲಿ ಗೊತ್ತಾಗುವುದಿಲ್ಲ. ಚಕ್ರ ಹಳ್ಳಕ್ಕೆ ಇಳಿದಾಗ ಅದು ತಂತಿಯ ಹಾಗೆ ಬಿಗಿದು ಹರಿಯುತ್ತದೆ. ನಮ್ಮದು ಹಳೇ ಗಾಡಿ, ನಾಲ್ಕೂ ಚಕ್ರಕ್ಕೆ ಒಂದೇ ಎಣ್ಣೆ. ಒಂದು ಕಡೆ ಹರಿದರೆ ಇಡೀ ಬ್ರೇಕು ಹೋಗುತ್ತದೆ. ಇಲ್ಲಿ ಹೊಸ ಪಿಕಪ್ಪುಗಳಿಗೆ ಪೈಪು ಕಿಟ್ಟಿನ ಜೊತೆಯಲ್ಲೇ ಬರುತ್ತದೆ, ಹಾಗಾಗಿ ನನಗೆ ಹೊಳೆಯಲೇ ಇಲ್ಲ. ನಿನ್ನೆ ನಮ್ಮಂಥದ್ದೇ ಒಂದು ಹಳೇ ಗಾಡಿ ವರ್ಕ್‌ಶಾಪಿಗೆ ಬಂತು. ಬ್ರೇಕಿಲ್ಲದೆ ಗೋಡೆಗೆ ಗುದ್ದಿತ್ತು. ಕೆಳಗೆ ಬಗ್ಗಿ ನೋಡಿದರೆ ಪೈಪು ಹರಿದು ನೇತಾಡುತ್ತಿತ್ತು.

ಉದ್ದದ ಪೈಪುಗಳನ್ನು ಇದರ ಜೊತೆಯಲ್ಲೇ ಕಟ್ಟಿದ್ದೇನೆ. ಹಾಕುವ ತನಕ ಯಾರು ಬಂದು ಕಾಲು ಹಿಡಿದರೂ ಗಾಡಿ ತೆಗೆಯಬೇಡ.

ಅಪ್ಪನ ಕೈಗಾದದ್ದನ್ನು ಓದಿದೆ. ನಾನು ಇದ್ದಿದ್ದರೆ ಆ ಹಾರೆ ನನ್ನ ಕೈಯಲ್ಲಿರುತ್ತಿತ್ತು. ಭಯ ಅಂದೆಯಲ್ಲ, ಹೌದು. ಇಲ್ಲಿ ಬಟ್ಟೆ ಒಗೆಯುವ ತೊಟ್ಟಿಯಲ್ಲಿ ನೀರು ಅಲ್ಲಾಡದೆ ನಿಂತಿದ್ದರೂ ನನಗೆ ಆ ಕಡೆ ನೋಡಲಾಗುವುದಿಲ್ಲ.

ಸಿಲ್ವೆರಿಯೊ

(ಲಕೋಟೆಯ ಮೇಲೆ ಬೇರೆ ಕೈಬರಹದಲ್ಲಿ: ಮುಷ್ಕರ. ಗಡಿಯಿಂದ ಮುಂದೆ ರೈಲು ಇಲ್ಲ. ಕಟ್ಟು ಮತ್ತು ಕಾಗದ ಕಳಿಸಿದವರಿಗೇ ವಾಪಸ್.)

*

ಹಿರೀರಾ
31 ಜನವರಿ 1995

ಸಿಲ್ವೆರಿಯೊ,

ಕ್ರಿಸ್ಮಸ್ಸಿಗೆ ನೀನು ಬರಲಿಲ್ಲ. ಆಮೇಲೆ ಒಂದು ಕಾಗದವೂ ಇಲ್ಲ. ರೈಲಿನವರು ಕೆಲಸ ನಿಲ್ಲಿಸಿದ್ದಾರೆ ಅಂತ ಎಲ್ಯೂತೇರಿಯೊನ ರೇಡಿಯೊ ಹೇಳಿತು. ನನಗೆ ಆ ಸುದ್ದಿ ಕೇಳಿ ಸಮಾಧಾನವಾಯಿತು. ನೀನು ಬರೆದಿರಬಹುದು, ದಾರಿಯಲ್ಲಿ ನಿಂತಿರಬಹುದು ಅಂದುಕೊಂಡೆ. ಅಂದುಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಡವಲ್ಲ.

ಮಳೆ ಬಂತು. ಬಯಲು ತುಂಬಿ ಆಕಾಶ ಕೆಳಗೆ ಬಿದ್ದಿದೆ. ಲಾರಿಗಳು ನಿಂತವು, ಉತ್ತರದ ದಾರಿಯಲ್ಲಿ ಎರಡು ಹೂತುಕೊಂಡಿವೆ ಅಂತ ಸುದ್ದಿ.

ಮಾವನ ಕೈ ವಾಸಿಯಾಗುತ್ತಿದೆ ಅಂದುಕೊಂಡಿದ್ದೆವು. ಮೇಲೆ ಚರ್ಮ ಕೂಡಿಕೊಂಡಿತ್ತು. ನೀರು ಬರುವುದಕ್ಕೆ ಮುಂಚೆ ಗಾಡಿಯ ಹೊಟ್ಟೆಗೆ ಸುಟ್ಟ ಎಣ್ಣೆ ಬಳಿಯಬೇಕಲ್ಲ, ಇಲ್ಲದಿದ್ದರೆ ಉಪ್ಪು ತಿಂದು ಹಾಕುತ್ತದೆ. ನಾನು ಲಾಮಾಗಳನ್ನು ಮೇಯಿಸಲು ಹೋದಾಗ ಅವರೇ ಕೆಳಗೆ ನುಗ್ಗಿ ಆ ಕೈಯಿಂದಲೇ ಚಿಂದಿ ಹಿಡಿದು ಬಳಿದಿದ್ದಾರೆ. ಅಲ್ಲಿಂದ ಶುರುವಾಯಿತು. ಈಗ ಎರಡು ಬೆರಳು ಕಪ್ಪಾಗಿವೆ, ಬಾವು ಮೊಣಕೈ ದಾಟಿದೆ. ನಿನ್ನೆಯಿಂದ ಜ್ವರದಲ್ಲಿ ರೈಲ್ವೆ ಶೆಡ್ಡಿನ ಜನರನ್ನು ಹೆಸರು ಹಿಡಿದು ಕರೆಯುತ್ತಿದ್ದಾರೆ. ನಡುವೆ ಒಂದು ಸಲ ಎಚ್ಚರಾಗಿ, 'ನೀರಲ್ಲಿ ಕರ್ಕೊಂಡು ಹೋಗ್ಬೇಡ ನನ್ನ, ಇಲ್ಲೇ ಇರ್ತೀನಿ' ಅಂದರು. ಅತ್ತೆ ಹೋದದ್ದು ಹೇಗೆ ಅಂತ ಅವರಿಗೆ ಒಂದು ಕ್ಷಣವೂ ಮರೆತಿಲ್ಲ.

ಆದರೂ ಕರೆದುಕೊಂಡು ಹೋಗುತ್ತೇನೆ. ನಾಳೆ ಗಾಳಿ ಕಡಿಮೆಯಾದರೆ ಹೊರಡುವುದು. ಎಲ್ಯೂತೇರಿಯೊ ಜೊತೆಗೆ ಬರುತ್ತಾನೆ, ಹಿಂದೆ ಕೂತು ಅವರನ್ನು ಹಿಡಿದುಕೊಳ್ಳುತ್ತಾನೆ. ಓಡಿಸುವವಳು ನಾನು. ಇದೇ ಬಯಲಿನಲ್ಲಿ ನೀನೇ ನನಗೆ ಗಾಡಿ ಕಲಿಸಿದ್ದು, 'ಇಲ್ಲಿ ಗುದ್ದೋಕೆ ಏನೂ ಇಲ್ಲ, ಹೆದರ್ಬೇಡ' ಅಂದಿದ್ದೆ. ಆಗ ನೆಲ ಒಣಗಿತ್ತು.

ಈ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಉಯೂನಿಯಲ್ಲಿ ನಾನೇ ರೈಲಿಗೆ ಹಾಕುತ್ತೇನೆ. ನಿನಗೆ ಮುಟ್ಟಿದರೆ ನಾವು ದಾಟಿದೆವು ಅಂತ ತಿಳಿ.

ಬಾಸೀಲಿಯಾ

*

ಕೊಲ್ಚಾನಿ
1 ಫೆಬ್ರವರಿ 1995

ಬಾಸೀಲಿಯಾ,

ಇದನ್ನು ಬಯಲಿನ ಈ ದಡದಲ್ಲಿ ಉಪ್ಪಿನ ಗುಡ್ಡೆಗೆ ಒರಗಿ ಕೂತು ಬರೆಯುತ್ತಿದ್ದೇನೆ. ಆ ಕಡೆ ಹೋಗುವವರು ಯಾರಾದರೂ ಸಿಕ್ಕರೆ ಅವರ ಕೈಯಲ್ಲಿ ಕೊಡುತ್ತೇನೆ. ಗಾಡಿ ತೆಗೆಯಬೇಡ ಅಂತ ಬರೆದ ಕಾಗದ, ಹೊಸ ಬ್ರೇಕ್ ಪೈಪು, ಎರಡೂ ಗಡಿಯಿಂದ ತಿರುಗಿ ನನ್ನ ಹತ್ತಿರವೇ ಬಂದವು. ಡೋನ್ಯಾ ಎಲ್ಬಾ ಬಾಗಿಲಲ್ಲಿ ಆ ಕಟ್ಟನ್ನು ನನ್ನ ಕೈಗೆ ಹಾಕಿ, 'ಇದು ದಾರಿ ತಪ್ಪಿ ಬಂದಿದೆ, ನೀನೇ ಹೋಗಿ ಕೊಟ್ಟು ಬಾ' ಅಂದಳು. ಗಡಿಯ ತನಕ ಲಾರಿ, ಅಲ್ಲಿಂದ ಕೈಯಲ್ಲಿ ತಳ್ಳುವ ರೈಲು ಟ್ರಾಲಿ, ಆಮೇಲೆ ನಡಿಗೆ.

ಇಲ್ಲಿ ಯಾರೂ ದಾಟುತ್ತಿಲ್ಲ. ಉಪ್ಪು ಕೆರೆಯುವವರನ್ನೆಲ್ಲ ಕೇಳಿದೆ. ನಡೆದೇ ಹೋಗುತ್ತೇನೆ ಅಂತ ಪ್ಯಾಂಟು ಮಡಚಿ ಇಳಿದೆ. ಪಾದ ಮುಳುಗುವ ತನಕ ಹೋದೆ. ಅಷ್ಟೇ ಆಯಿತು ನನ್ನ ಕೈಲಿ. ಮತ್ತೆ ಇಳಿದೆ, ಮತ್ತೆ ವಾಪಸ್ ಬಂದೆ. ಉಪ್ಪಿನವರು ನೋಡಿ ನೋಡಿ ಈಗ ನನ್ನನ್ನು ಏನೂ ಕೇಳುವುದಿಲ್ಲ.

ನೀನು ಆ ದಡದಲ್ಲಿ ಇದ್ದೀಯ, ಗಾಡಿ ಎತ್ತರವಾಗಿದೆ, ನೀರು ಬಂದಿದೆ. ಊರಿನವರು ಕೇಳಿದರೆ ನೀನು ಇಲ್ಲ ಅನ್ನುವವಳಲ್ಲ. ತೆಗೆಯಬೇಡ ಬಾಸೀಲಿಯಾ.

ಸಿಲ್ವೆರಿಯೊ

*

ಹಿರೀರಾ
9 ಮಾರ್ಚ್ 1995

ಡೋನ್ಯಾ ಎಲ್ಬಾ ಅವರಿಗೆ,

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಲ್ಲ. ಲಕೋಟೆಯ ಮೇಲೆ ನಿಮ್ಮ ಹೆಸರು ಬರೆದು ಬರೆದು ನೀವು ನನಗೆ ಗುರುತಿನವರ ಹಾಗೆ ಆಗಿದ್ದೀರಿ. ನಾನು ಸಿಲ್ವೆರಿಯೊನ ಹೆಂಡತಿ. ನೀವು ಅವನನ್ನು ಬಾಗಿಲಿನಿಂದ ಆಚೆ ಕಳಿಸಿದ್ದು ಏನಾಯಿತು ಅಂತ ನಿಮಗೆ ತಿಳಿಸಬೇಕಲ್ಲ.

ನನ್ನ ಮಾವನ ಕೈಗೆ ನಂಜೇರಿತ್ತು. ನಾನು ಅವರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಹಿಡಿದುಕೊಳ್ಳಲು ನೆರೆಯ ಎಲ್ಯೂತೇರಿಯೊನನ್ನು ಕೂರಿಸಿ, ಗಾಡಿಯನ್ನು ನೀರಿಗೆ ಇಳಿಸಿದೆ. ಈ ಬಯಲಲ್ಲಿ ನೀರು ತುಂಬಿದಾಗ ದಾರಿ ಅಂತ ಇರುವುದಿಲ್ಲ, ಹಿಂದೆ ತುನೂಪಾ ಬೆಟ್ಟವನ್ನು ಕನ್ನಡಿಯಲ್ಲಿ ಇಟ್ಟುಕೊಂಡು ಹೋಗಬೇಕು. ನೀರು ಬಾಗಿಲಿನ ಕೆಳಗಿನ ಅಂಚಿಗೆ ಬಂತು, ಮೇಲೆ ಬರಲಿಲ್ಲ. ಇಂಜಿನ್ ಒಂದು ಸಲವೂ ಕೆಮ್ಮಲಿಲ್ಲ. ನನ್ನ ಗಂಡ ನಾಲ್ಕು ಅಂಗುಲ ಅಂತ ಒಂದು ವರ್ಷ ಜಪ ಮಾಡಿದ್ದು ಸುಳ್ಳಾಗಿರಲಿಲ್ಲ, ಅದನ್ನು ಒಪ್ಪಬೇಕು.

ಬ್ರೇಕಿನ ವಿಷಯ ನನಗೆ ಗೊತ್ತಿರಲಿಲ್ಲ. ಕೊಲ್ಚಾನಿ ದಡಕ್ಕೆ ಹತ್ತುವ ಕಡೆ ನೆಲ ಕೆಸರು, ಹಳ್ಳ. ಮುಂದಿನ ಚಕ್ರ ಒಂದರಲ್ಲಿ ಧೊಪ್ಪನೆ ಇಳಿದು ಎದ್ದಿತು. ಆಮೇಲೆ ಒತ್ತಿದರೆ ಬ್ರೇಕ್ ಪೆಡಲ್ ತಳಕ್ಕೆ ಹೋಯಿತು, ಗಾಡಿ ನಿಲ್ಲಲಿಲ್ಲ. ಎದುರಿಗೆ ಉಪ್ಪು ಕೆರೆಯುವವರು, ಅವರ ಮಕ್ಕಳು. ನಾನು ಒಂದು ಉಪ್ಪಿನ ಗುಡ್ಡೆಗೆ ತಿರುಗಿಸಿ ಗುದ್ದಿದೆ. ಗುಡ್ಡೆ ಗಾಡಿಯ ಮೇಲೆಲ್ಲ ಕುಸಿಯಿತು. ಗಾಜು ಒರೆಸಿ ನೋಡಿದರೆ ಸಿಲ್ವೆರಿಯೊ ನಿಂತಿದ್ದ. ಕಂಕುಳಲ್ಲಿ ಒಂದು ಕಟ್ಟು. ಬಡಕಲಾಗಿದ್ದ. ಒಂದು ಕ್ಷಣ ನಾನು ಸತ್ತೆ ಅಂತಲೇ ತಿಳಿದೆ.

ಅವನು ಮುಂದಿನ ಚಕ್ರದ ಕಡೆ ಬಗ್ಗಿ ನೋಡಿದ. ಉಪ್ಪು ಕೆಸರಿನಲ್ಲೇ ಮಲಗಿ ಗಾಡಿಯ ಕೆಳಗೆ ಹೋದ. ಹರಿದ ಪೈಪು ಬಿಚ್ಚಿ ಕಟ್ಟಿನಲ್ಲಿದ್ದ ಉದ್ದದ್ದನ್ನು ಹಾಕಿ, ಎಣ್ಣೆ ತುಂಬಿ, ನನಗೆ ಪೆಡಲ್ ಒತ್ತು ಬಿಡು ಅಂತ ಹೇಳುತ್ತಾ ಗಾಳಿ ತೆಗೆದ. ಅವನು ಅಳುತ್ತಿದ್ದಾನೆ ಅಂತ ದನಿಯಲ್ಲೇ ಗೊತ್ತಾಗುತ್ತಿತ್ತು. ಉಯೂನಿಯಲ್ಲಿ ಡಾಕ್ಟರು ಮಾವನ ಎರಡು ಬೆರಳು ತೆಗೆದರು, ಕೈ ಉಳಿಯಿತು. ಇನ್ನೂ ತಡವಾಗಿದ್ದರೆ ಕೈಯೂ ಹೋಗುತ್ತಿತ್ತು, ಅವರೂ ಹೋಗುತ್ತಿದ್ದರು ಅಂದರು.

ಆಸ್ಪತ್ರೆಯಲ್ಲಿದ್ದಷ್ಟು ದಿನ ಅಪ್ಪ ಮಗ ಒಂದು ಮಾತಾಡಿಲ್ಲ. ಇವನು ಸೂಪು ತಂದು ಇಡುವುದು, ಅವರು ಗೋಡೆ ಕಡೆ ತಿರುಗಿ ಕುಡಿಯುವುದು. ನನಗೆ ಇಬ್ಬರ ಮೇಲೂ ಎಷ್ಟು ಸಿಟ್ಟು ಬಂದಿತ್ತೆಂದರೆ, ಇಬ್ಬರನ್ನೂ ಅಲ್ಲೇ ಬಿಟ್ಟು ಬಂದುಬಿಡೋಣ ಅನ್ನಿಸಿತ್ತು.

ಕಾರ್ನಿವಲ್ ಹಬ್ಬದ ಹಿಂದಿನ ವಾರ ಮನೆಗೆ ಹೊರಟೆವು. ಸಿಲ್ವೆರಿಯೊ ಬೀಗದ ಕೈ ಮುಟ್ಟಲಿಲ್ಲ. 'ನೀನೇ ಓಡ್ಸು' ಅಂದು ಪಕ್ಕದಲ್ಲಿ ಕೂತು, ನೀರು ಶುರುವಾಗುತ್ತಲೂ ಕಣ್ಣು ಮುಚ್ಚಿದ. ಮಾವ ಹಿಂದೆ, ಎಲ್ಯೂತೇರಿಯೊ ಉಯೂನಿಯಲ್ಲೇ ಉಳಿದಿದ್ದ. ನಾನು ಓಡಿಸುತ್ತಾ ಹೋದೆ. ಹೋದ ವರ್ಷ ಗಾಡಿ ನಿಂತಿದ್ದು ಬಯಲಿನ ನಡುವೆ. ಅಲ್ಲಿ ಗುರುತು ಅಂತ ಏನೂ ಇಲ್ಲ, ಆದರೂ ನಮ್ಮ ಮೂವರಿಗೂ ಗೊತ್ತಿತ್ತು. ಆ ಜಾಗ ಹತ್ತಿರ ಬರುತ್ತಿದ್ದಾಗ ನಾನು ಕ್ಲಚ್ ಸರಿಯಾಗಿ ಒತ್ತದೆ ಗೇರು ಕಿರುಗುಟ್ಟಿತು. ಆಗ ಹಿಂದಿನಿಂದ ಮಾವನ ದನಿ ಬಂತು.

'ನಿಲ್ಸು. ಇವ್ಳು ಗೇರ್ ಹಾಕೋದಕ್ಕೆ ನನ್ನ ಕೈ ಇನ್ನೊಂದು ಸಲ ಕತ್ತರಿಸಿದ ಹಾಗಾಗ್ತಿದೆ. ಲೋ, ನೀನು ಬಾ. ನೀನು ಓಡ್ಸು.'

ವರ್ಷದಲ್ಲಿ ಮಗನಿಗೆ ಅವರು ಆಡಿದ ಮೊದಲ ಮಾತು ಇದು. ಸಿಲ್ವೆರಿಯೊ ಕಣ್ಣು ಬಿಟ್ಟ. 'ಆಗಲ್ಲಪ್ಪ' ಅಂದ. 'ಆಗಲ್ಲ ಅಂತ ನಂಗೂ ಗೊತ್ತು. ಆದ್ರೂ ಓಡ್ಸು' ಅಂದರು.

ನಾನು ಗಾಡಿ ನಿಲ್ಲಿಸಿದೆ. ಇಂಜಿನ್ ಆರಿಸಲಿಲ್ಲ. ಅವನು ಆ ಕಡೆ ಬಾಗಿಲು ತೆಗೆದು ಬಹಳ ಹೊತ್ತು ಕೆಳಗೆ ನೋಡುತ್ತಾ ಕೂತ. ಕೊನೆಗೆ ಇಳಿದ. ಮೊಣಕಾಲು ತನಕ ನೀರು. ಗಾಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ಸುತ್ತಿ ಬಂದ. ನಾನು ಆ ಸೀಟಿಗೆ ಸರಿದೆ. ತುಂಬ ಕೆಟ್ಟದಾಗಿ ಓಡಿಸಿದ, ನಡೆದುಕೊಂಡು ಹೋಗುವವರು ನಮ್ಮನ್ನು ದಾಟಿ ಹೋಗಬಹುದಿತ್ತು. ದಾರಿಯುದ್ದಕ್ಕೂ ಮಾವ ಬೈಯುತ್ತಿದ್ದರು. ಎಡಕ್ಕೆ ತಗೋ, ಬಲಕ್ಕೆ ತಗೋ, ಕತ್ತೆಗೆ ಕೊಟ್ಟಿದ್ರೂ ಇಷ್ಟೊತ್ತಿಗೆ ಊರು ಮುಟ್ಟಿಸ್ತಿತ್ತು ಅಂತ. ಕಣ್ಣು ಕಾಣದವರಿಗೆ ಎಡ ಬಲ ಏನು ಗೊತ್ತು? ಸಿಲ್ವೆರಿಯೊ ಒಂದಕ್ಕೂ ಎದುರಾಡಲಿಲ್ಲ. ಊರು ಕಾಣುವ ತನಕ ಅವನ ಹಲ್ಲು ಕಟಕಟ ಅನ್ನುತ್ತಿದ್ದುದು ನನಗೆ ಕೇಳಿಸುತ್ತಿತ್ತು.

ಈಗ ಅವನು ಅಂಗಳದಲ್ಲಿ ಗಾಡಿಯ ಕೆಳಗಿದ್ದಾನೆ. ನಾವು ಬೋಲ್ಟುಗಳಿಗೆ ಕೊಟ್ಟ ಬಿಗಿ ಅವನಿಗೆ ಸರಿಬಂದಿಲ್ಲ, ಎಲ್ಲವನ್ನೂ ಮತ್ತೆ ಸಡಿಲಿಸಿ ಕೂತಿದ್ದಾನೆ. ಮಾವ ಪಕ್ಕದಲ್ಲಿ ಮೂಟೆಯ ಮೇಲೆ ಕೂತು ಅದಕ್ಕೂ ಜಗಳ ತೆಗೆಯುತ್ತಿದ್ದಾರೆ. ರಾತ್ರಿ ಅವನು ಬೆಚ್ಚಿ ಏಳುತ್ತಾನೆ, ನಾನೂ ಏಳುತ್ತೇನೆ. ನನ್ನ ದಣಿವು ಇನ್ನೂ ಹೋಗಿಲ್ಲ. ನಾಳೆ ಊರಿನ ಇಬ್ಬರು ಬಸುರಿಯರನ್ನು ಆಚೆ ದಡಕ್ಕೆ ದಾಟಿಸಬೇಕಂತೆ, ಅವನು ಹ್ಞೂಂ ಅಂದಿದ್ದಾನೆ.

ಅವನ ಎರಡು ಅಂಗಿ, ಸ್ಪ್ಯಾನರ್ ಪೆಟ್ಟಿಗೆ ನಿಮ್ಮಲ್ಲೇ ಉಳಿದಿವೆಯಂತೆ, ರೈಲು ಶುರುವಾಗಿದೆ, ಅದಕ್ಕೆ ಹಾಕಿ. ಅವನ ಕೋಣೆಯನ್ನು ಬೇರೆ ಯಾರಿಗಾದರೂ ಕೊಟ್ಟುಬಿಡಿ.

ನಿಮ್ಮ ಉಪಕಾರ ಮರೆಯದ
ಬಾಸೀಲಿಯಾ